‘ತೀರ್ಪು ಮಾಡಬೇಡಿ’ ಎಂದು ಯೇಸು ಹೇಳಿದ್ದು ಯಾವುದಕ್ಕೆ?

ಬೈಬಲ್ ಓದದವರಿಗೂ ಗೊತ್ತಿರುವ ಮಾತು ಇದು: ‘ತೀರ್ಪು ಮಾಡಬೇಡಿರಿ.’ ಚರ್ಚಿನಲ್ಲಿ ಯಾರಾದರೂ ಯಾರದಾದರೂ ತಪ್ಪು ಎತ್ತಿದರೆ ಸಾಕು, ಇನ್ನೊಬ್ಬರು ಥಟ್ಟನೆ ಈ ಮಾತು ಹೇಳಿ ಬಾಯಿ ಮುಚ್ಚಿಸುತ್ತಾರೆ. ಇದೇ ಮಾತನ್ನು ಎಷ್ಟೋ ಸಲ ಪ್ರಸಂಗದಲ್ಲಿ ಕೇಳಿದವರು ಆರಾಧನೆ ಮುಗಿಸಿ ಗೇಟು ದಾಟುವಷ್ಟರಲ್ಲಿ ಒಬ್ಬಳ ಬಟ್ಟೆ, ಇನ್ನೊಬ್ಬರ ಹೊಸ ಕಾರು, ಮೂರು ವಾರದಿಂದ ಚರ್ಚಿಗೆ ಬಾರದವನ ಸಂಸಾರ, ಎಲ್ಲದರ ಬಗ್ಗೆಯೂ ತೀರ್ಪು ಕೊಟ್ಟಿರುತ್ತಾರೆ. ಕೆಲವರಿಗೆ ಇದು ‘ಏನೂ ಮಾತಾಡಬೇಡಿ’ ಎಂಬ ಆಜ್ಞೆ. ಇನ್ನು ಕೆಲವರಿಗೆ ಇದು ಬೇರೆ ಯಾರಿಗೋ ಹೇಳಿದ ಬುದ್ಧಿಮಾತು.

ಯೇಸು ಹೇಳಿದ್ದು ಇವೆರಡೂ ಅಲ್ಲ. ತಪ್ಪನ್ನು ತಪ್ಪು ಎನ್ನುವುದನ್ನು ಆತ ಎಲ್ಲೂ ತಡೆದಿಲ್ಲ. ಆತ ತಡೆದದ್ದು ಒಬ್ಬ ಮನುಷ್ಯನನ್ನು ‘ಇವನು ಇಷ್ಟೇ’ ಎಂದು ಮುಗಿಸಿಬಿಡುವುದನ್ನು. ಈ ವ್ಯತ್ಯಾಸ ಕೈಗೆ ಸಿಗದೆ ಎಷ್ಟೋ ಸಭೆಗಳಲ್ಲಿ ಎರಡು ಥರದ ನೋವು ಆಗುತ್ತಲೇ ಇದೆ. ತಪ್ಪು ಮಾಡದವರು ಕಳಂಕ ಹೊರುತ್ತಾರೆ. ತಪ್ಪು ಮಾಡಿದವರು ಈ ವಚನದ ಹಿಂದೆ ಅಡಗಿಕೊಳ್ಳುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಮಾತು ಬಂದ ಜಾಗ

ಈ ವಚನ ಇರುವುದು ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದ ಮೊದಲಲ್ಲಿ. 5ರಿಂದ 7ರವರೆಗಿನ ಮೂರು ಅಧ್ಯಾಯಗಳನ್ನು ಸೇರಿಸಿ ಪರ್ವತ ಪ್ರಸಂಗ ಎನ್ನುತ್ತಾರೆ. ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಇದೇ ಬೋಧನೆ ಇದೆ. ಅಲ್ಲಿ ಇದರ ಹಿಂದಿನ ಸಾಲನ್ನು ಗಮನಿಸಬೇಕು. ನಿಮ್ಮ ತಂದೆ ಕರುಣೆಯುಳ್ಳವನು, ನೀವೂ ಹಾಗೇ ಇರಿ ಎಂದು ಹೇಳಿ, ಅದರ ಬೆನ್ನಿಗೇ ಯೇಸು ‘ತೀರ್ಪು ಮಾಡಬೇಡಿ’ ಎನ್ನುತ್ತಾನೆ. ಅಂದರೆ ಇದು ದೇವರ ಕರುಣೆಯಿಂದ ಹುಟ್ಟಿದ ಮಾತು. ‘ಯಾರು ಹೇಗಿದ್ದರೆ ನಮಗೇನು’ ಎಂಬ ಉದಾಸೀನಕ್ಕೂ ಇದಕ್ಕೂ ಸಂಬಂಧವಿಲ್ಲ.

ಮುಂದೆ ಅಳತೆಯ ಮಾತು ಬರುತ್ತದೆ. ನೀವು ಯಾವ ಅಳತೆಯಲ್ಲಿ ಅಳೆಯುತ್ತೀರೋ ಅದೇ ಅಳತೆಯಲ್ಲಿ ನಿಮಗೂ ಅಳೆದು ಕೊಡಲಾಗುತ್ತದೆ. ಆಮೇಲೆ ಎಲ್ಲರಿಗೂ ನೆನಪಿರುವ ರವೆ (ಕಣ್ಣಿಗೆ ಬಿದ್ದ ಸಣ್ಣ ಚೂರು) ಮತ್ತು ತೊಲೆಯ ಚಿತ್ರ. ಬಡಗಿಯ ಮನೆಯಲ್ಲಿ ಬೆಳೆದವನಿಗೆ ಮರದ ಪುಡಿಯೂ ಗೊತ್ತು, ಸೂರು ಹೊರುವ ತೊಲೆಯೂ ಗೊತ್ತು. ನಿನ್ನ ಕಣ್ಣಲ್ಲಿ ತೊಲೆ ಇಟ್ಟುಕೊಂಡು ತಮ್ಮನ ಕಣ್ಣಿನ ರವೆ ತೆಗೆಯುತ್ತೇನೆ ಅಂತೀಯಲ್ಲ ಎಂದು ಆತ ಕೇಳುತ್ತಾನೆ.

ನಮ್ಮಲ್ಲೂ ಇಂಥ ಗಾದೆ ಇದೆ, ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಇನ್ನೊಬ್ಬನ ತಟ್ಟೆಯ ನೊಣ ತೋರಿಸಿದ ಅಂತ. ಆದರೆ ಗಾದೆ ಅಲ್ಲಿಗೇ ನಿಲ್ಲುತ್ತದೆ, ಯೇಸು ನಿಲ್ಲುವುದಿಲ್ಲ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ತಮ್ಮನ ಕಣ್ಣಿನ ರವೆ ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಎನ್ನುತ್ತಾನೆ. ಈ ಕೊನೆಯ ಭಾಗ ಬಿಟ್ಟು ಓದಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ರವೆ ಇರುವುದು ನಿಜ. ಅದು ನೋಯಿಸುತ್ತಿರುವುದೂ ನಿಜ. ಅದನ್ನು ಯಾರಾದರೂ ತೆಗೆಯಲೇಬೇಕು. ಕಣ್ಣಿಗೆ ಕೈ ಹಾಕುವ ಕೆಲಸ ಬೇರೆ, ಕೈ ನಡುಗಬಾರದು, ದೃಷ್ಟಿ ಮಂಜಾಗಿರಬಾರದು. ಅದಕ್ಕೇ ‘ಮೊದಲು’ ನೀನು, ‘ಆಮೇಲೆ’ ಅವನು.

ಅದೇ ಅಧ್ಯಾಯದ 6ನೇ ವಚನದಲ್ಲಿ ಮುತ್ತುಗಳನ್ನು ಹಂದಿಗಳ ಮುಂದೆ ಚೆಲ್ಲಬೇಡಿ ಎಂದಿದೆ. 15ನೇ ವಚನದಲ್ಲಿ ಕುರಿಯ ವೇಷದಲ್ಲಿ ಬರುವ ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರಿಕೆ ಇದೆ, ಅವರನ್ನು ಅವರ ಫಲದಿಂದ ಗುರುತಿಸಿ ಎಂದಿದೆ. ಯಾರು ಏನು ಎಂದು ನೋಡಲೇಬಾರದು ಅನ್ನುವುದಾದರೆ ಈ ಎರಡು ಮಾತಿಗೂ ಅರ್ಥವೇ ಉಳಿಯುವುದಿಲ್ಲ, ಅಲ್ವಾ? ಯೋಹಾನನ ಸುವಾರ್ತೆಯ 7:24ರಲ್ಲಂತೂ ಹೊರಗಿನದನ್ನು ನೋಡಿ ತೀರ್ಪು ಮಾಡಬೇಡಿ, ನ್ಯಾಯವಾದ ತೀರ್ಪು ಮಾಡಿ ಎಂದು ಯೇಸುವೇ ಹೇಳಿದ್ದಾನೆ.

‘ಸುಳ್ಳು ಹೇಳಿದ’ ಮತ್ತು ‘ಸುಳ್ಳುಗಾರ’

ಹಾಗಾದರೆ ಗೆರೆ ಎಲ್ಲಿ ಬೀಳುತ್ತದೆ? ಇದಕ್ಕೆ ನಾನು ಓದಿದ್ದರಲ್ಲಿ ಅತ್ಯಂತ ಸ್ಪಷ್ಟವಾದ ಉತ್ತರ ಕೊಟ್ಟವನು 6ನೇ ಶತಮಾನದಲ್ಲಿ ಗಾಜಾ ಪ್ರದೇಶದ ಮಠದಲ್ಲಿದ್ದ ದೊರೋಥೆಯೊಸ್ ಎಂಬ ಸನ್ಯಾಸಿ. ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಉಣ್ಣುವ ಸಹೋದರರಿಗೆ ಆತ ಈ ವಿಷಯದ ಮೇಲೇ ಒಂದು ಉಪದೇಶ ಕೊಟ್ಟಿದ್ದಾನೆ. ಹತ್ತಿರ ಬದುಕುವವರಲ್ಲೇ ಈ ಕಾಯಿಲೆ ಜಾಸ್ತಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಪ್ರಕಾರ ಇದರಲ್ಲಿ ಮೂರು ಮೆಟ್ಟಿಲಿವೆ. ಮೊದಲನೆಯದು ಚಾಡಿ. ‘ಅವನು ಸುಳ್ಳು ಹೇಳಿದ’, ‘ಅವನು ಸಿಟ್ಟು ಮಾಡಿಕೊಂಡ’ ಎಂದು ಇನ್ನೊಬ್ಬರ ಮುಂದೆ ಹೇಳಿಕೊಂಡು ತಿರುಗುವುದು. ಎರಡನೆಯದು ತೀರ್ಪು. ‘ಅವನು ಸುಳ್ಳುಗಾರ’, ‘ಅವನು ಮುಂಗೋಪಿ’ ಎನ್ನುವುದು. ಮೊದಲನೆಯದರಲ್ಲಿ ಒಂದು ಕೆಲಸದ ಬಗ್ಗೆ ಮಾತು. ಎರಡನೆಯದರಲ್ಲಿ ಇಡೀ ಮನುಷ್ಯನ ಬಗ್ಗೆ ಮಾತು. ಒಂದು ದಿನ ಮಾಡಿದ್ದನ್ನು ಹಿಡಿದು ಅವನ ಸ್ವಭಾವಕ್ಕೆ, ಅವನ ಬದುಕಿಗೆ ಹೆಸರಿಟ್ಟಾಯಿತು. ಮೂರನೆಯದು ಇನ್ನೂ ಕೆಳಗಿನದು, ತಿರಸ್ಕಾರ. ತೀರ್ಪು ಕೊಟ್ಟದ್ದು ಸಾಲದೆ ಅವನನ್ನು ಕಂಡರೆ ಅಸಹ್ಯಪಡುವುದು, ಮುಖ ತಿರುಗಿಸುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು ಎನ್ನುತ್ತಾನೆ ದೊರೋಥೆಯೊಸ್.

ಇದನ್ನು ನಮ್ಮ ಮಾತಿಗೆ ಹಚ್ಚಿ ನೋಡಿ. ‘ಮೊನ್ನೆ ಕುಡಿದು ಬಂದಿದ್ದ’ ಎಂಬುದಕ್ಕೂ ‘ಅವನು ಕುಡುಕ’ ಎಂಬುದಕ್ಕೂ ಎಷ್ಟು ದೂರ! ‘ಲೆಕ್ಕದಲ್ಲಿ ಎರಡು ಸಾವಿರ ಸರಿಹೋಗುತ್ತಿಲ್ಲ’ ಎಂದರೆ ಲೆಕ್ಕ ನೋಡಬಹುದು, ಕೇಳಬಹುದು, ಸರಿ ಮಾಡಬಹುದು. ‘ಅವನು ಕಳ್ಳ’ ಎಂದ ಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ‘ಮದುವೆ ಮುರಿದುಹೋಯಿತು’ ಎಂಬುದು ಸುದ್ದಿ. ‘ಗಂಡ ಬಿಟ್ಟವಳು’ ಎಂಬುದು ಹಣೆಪಟ್ಟಿ. ಒಮ್ಮೆ ಅಂಟಿಸಿದರೆ ಆಕೆ ಸಾಯುವವರೆಗೂ ಅದು ಬಿಡುವುದಿಲ್ಲ. ನಮ್ಮ ಕನ್ನಡ ಸಭೆಗಳಲ್ಲಿ ಕೊನೆಯ ಈ ಹಣೆಪಟ್ಟಿ ಹೊತ್ತು ಹಿಂದಿನ ಬೆಂಚಿನಲ್ಲಿ ಕೂರುವ ಹೆಂಗಸರು ಎಷ್ಟೋ ಜನ. ಮಹಿಳಾ ಕೂಟದ ಚಹಾ ಸಮಯದಲ್ಲಿ ಅವರ ಪಕ್ಕದ ಕುರ್ಚಿ ಮಾತ್ರ ಖಾಲಿ ಇರುತ್ತದೆ. ದೊರೋಥೆಯೊಸ್ ಹೇಳಿದ ಮೂರನೆಯ ಮೆಟ್ಟಿಲು ಅದೇ.

ನಮಗೆ ಗೊತ್ತಿಲ್ಲದ್ದು ಎಷ್ಟು

ಯಾಕೆ ತೀರ್ಪು ಮಾಡಬಾರದು ಎಂಬುದಕ್ಕೆ ಅದೇ ಉಪದೇಶದಲ್ಲಿ ಒಂದು ಕಥೆ ಬರುತ್ತದೆ. ಗುಲಾಮರನ್ನು ಹೊತ್ತ ಹಡಗೊಂದು ಒಂದು ಪಟ್ಟಣಕ್ಕೆ ಬಂತು. ಅದರಲ್ಲಿ ಇಬ್ಬರು ಪುಟ್ಟ ಹುಡುಗಿಯರಿದ್ದರು. ಆ ಊರಿನಲ್ಲಿದ್ದ ಒಬ್ಬ ಭಕ್ತೆ, ತನಗೆ ಬೇಕಾದ ಹಾಗೆ ಒಳ್ಳೆಯ ದಾರಿಯಲ್ಲಿ ಬೆಳೆಸೋಣ ಅಂತ ಒಬ್ಬಳನ್ನು ಕೊಂಡುಕೊಂಡಳು. ಹಡಗಿನವನು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಟ್ಟ ಕುಣಿತದ ಮೇಳ ನಡೆಸುವ ಹೆಂಗಸೊಬ್ಬಳು ಎದುರಾಗಿ ಇನ್ನೊಬ್ಬಳನ್ನು ಕೊಂಡಳು. ಒಬ್ಬಳು ಪ್ರಾರ್ಥನೆ ಕೇಳುತ್ತಾ ಬೆಳೆದಳು. ಇನ್ನೊಬ್ಬಳಿಗೆ ಒಳ್ಳೆಯದು ಎಂದರೇನು ಎಂದು ಹೇಳುವವರೇ ಇರಲಿಲ್ಲ. ಮುಂದೆ ಇಬ್ಬರೂ ಒಂದೇ ಪಾಪದಲ್ಲಿ ಬಿದ್ದರೆ ದೇವರು ಇಬ್ಬರಿಂದಲೂ ಒಂದೇ ಲೆಕ್ಕ ಕೇಳುತ್ತಾನಾ ಎಂದು ದೊರೋಥೆಯೊಸ್ ಕೇಳುತ್ತಾನೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಪಾಪ ಮಾತ್ರ. ಹಡಗು, ಬಂದರು, ಕೊಂಡವರ ಕೈ, ಇದ್ಯಾವುದೂ ಕಾಣುವುದಿಲ್ಲ.

ಬೈಬಲ್ಲಿನಲ್ಲೂ ಇದಕ್ಕೆ ಒಂದು ಘಟನೆ ಇದೆ. ನನಗೆ ಇದು ಇಡೀ ವಿಷಯದ ಕೀಲಿಕೈ. ಸಮುವೇಲನ ಮೊದಲನೆಯ ಗ್ರಂಥದ ಮೊದಲ ಅಧ್ಯಾಯ. ಹನ್ನಳಿಗೆ ಮಕ್ಕಳಿಲ್ಲ. ಸವತಿ ಪೆನಿನ್ನಳಿಗೆ ಮಕ್ಕಳಿದ್ದಾರೆ. ಪ್ರತಿವರ್ಷ ಶಿಲೋಗೆ ಜಾತ್ರೆಗೆ ಹೋದಾಗಲೆಲ್ಲ ಸವತಿ ಚುಚ್ಚುತ್ತಾಳೆ, ಹನ್ನಳು ಅಳುತ್ತಾಳೆ, ಊಟ ಬಿಡುತ್ತಾಳೆ. ಒಂದು ವರ್ಷ ಎದ್ದು ಹೋಗಿ ದೇವರ ಸನ್ನಿಧಿಯಲ್ಲಿ ನಿಂತು ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತಾಳೆ. ತುಟಿ ಅಲುಗುತ್ತದೆ, ಸ್ವರ ಹೊರಗೆ ಬರುವುದಿಲ್ಲ. ಬಾಗಿಲ ಕಂಬದ ಹತ್ತಿರ ಪೀಠದ ಮೇಲೆ ಕೂತಿದ್ದ ಯಾಜಕ ಏಲಿ ಅವಳ ಬಾಯನ್ನೇ ನೋಡುತ್ತಿದ್ದಾನೆ. ಅವನಿಗೆ ಕಂಡದ್ದು ಅಮಲೇರಿದ ಹೆಂಗಸು. ‘ಎಷ್ಟು ಹೊತ್ತು ಹೀಗೇ ಅಮಲಿನಲ್ಲಿ ಇರುತ್ತೀ? ಇಳಿಸಿಕೋ’ ಎಂದು ಗದರುತ್ತಾನೆ.

ಅವನು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದ. ಜಾತ್ರೆಯ ಸಮಯ, ಜನ ಕುಡಿಯುವುದು ಮಾಮೂಲು. ಅನುಮಾನಕ್ಕೆ ಕಾರಣವೂ ಇತ್ತು. ಆದರೂ ಅವನು ಹೇಳಿದ್ದು ಪೂರ್ತಿ ತಪ್ಪು. ‘ಇಲ್ಲ ಸ್ವಾಮಿ, ನಾನು ಮನನೊಂದವಳು. ಕುಡಿದಿಲ್ಲ. ನನ್ನ ಸಂಕಟವನ್ನು ದೇವರ ಮುಂದೆ ಸುರಿಯುತ್ತಿದ್ದೇನೆ. ನನ್ನನ್ನು ಕೆಟ್ಟವಳು ಅಂದುಕೊಳ್ಳಬೇಡಿ’ ಎನ್ನುತ್ತಾಳೆ ಹನ್ನಳು.

ಇಷ್ಟೇ ಆಗಿದ್ದರೆ ಇದೊಂದು ತಪ್ಪು ತಿಳಿವಳಿಕೆಯ ಕಥೆ. ಮುಂದಿನ ಅಧ್ಯಾಯ ಓದಿ. ಏಲಿಯ ಸ್ವಂತ ಮಕ್ಕಳು, ಹೊಫ್ನಿ ಮತ್ತು ಫೀನೆಹಾಸ, ಅದೇ ಸನ್ನಿಧಿಯಲ್ಲಿ ಜನರ ಕಾಣಿಕೆಯ ಮಾಂಸವನ್ನು ಜಬರದಸ್ತಿಯಿಂದ ಕಿತ್ತುಕೊಳ್ಳುತ್ತಿದ್ದರು. ಬಾಗಿಲಲ್ಲಿ ಸೇವೆ ಮಾಡುವ ಹೆಂಗಸರ ಜೊತೆ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದರು. ಏಲಿ ಬಾಯಿಮಾತಿಗೆ ಬೈದ, ತಡೆಯಲಿಲ್ಲ. ಅಪರಿಚಿತ ಹೆಂಗಸಿನ ತುಟಿಯನ್ನು ಅಷ್ಟು ಹತ್ತಿರದಿಂದ ಗಮನಿಸಿದವನಿಗೆ ಸ್ವಂತ ಮನೆಯ ಅನ್ಯಾಯದ ಮುಂದೆ ಗಟ್ಟಿಯಾಗಿ ನಿಲ್ಲಲು ಆಗಲಿಲ್ಲ. ರವೆ ಮತ್ತು ತೊಲೆ ಎಂದರೆ ಇದೇ.

ಏಲಿಗೆ ಒಂದು ಮೆಚ್ಚುಗೆ ಸಲ್ಲಲೇಬೇಕು. ಹನ್ನಳು ಹೇಳಿದ್ದನ್ನು ಅವನು ಕೇಳಿಸಿಕೊಂಡ. ವಾದಕ್ಕಿಳಿಯಲಿಲ್ಲ. ‘ಸಮಾಧಾನದಿಂದ ಹೋಗು, ಇಸ್ರಾಯೇಲಿನ ದೇವರು ನೀನು ಬೇಡಿದ್ದನ್ನು ಕೊಡಲಿ’ ಎಂದು ಆಶೀರ್ವದಿಸಿದ. ತೀರ್ಪು ಕೊಟ್ಟ ಬಾಯಿಂದಲೇ ಅದನ್ನು ವಾಪಸ್ ಪಡೆದ. ದೊಡ್ಡ ಸ್ಥಾನದಲ್ಲಿ ಕೂತವರಿಗೆ ಇದು ಸುಲಭವಲ್ಲ.

ಕಷ್ಟ ಬಂದವರ ಮನೆಯಲ್ಲಿ

ತೀರ್ಪಿನ ಅತ್ಯಂತ ಕ್ರೂರ ರೂಪ ಕಾಣುವುದು ಸಾವಿನ ಮನೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ. ಮಗುವಿಗೆ ಕಾಯಿಲೆ, ಗಂಡನಿಗೆ ಅಪಘಾತ, ವ್ಯಾಪಾರ ಮುಳುಗಿತು. ‘ಏನೋ ಇರಬೇಕು, ಸುಮ್ನೆ ದೇವರು ಹೀಗೆ ಮಾಡ್ತಾನಾ’ ಎಂದು ಯಾರೋ ಹೇಳುತ್ತಾರೆ. ಇನ್ಯಾರೋ ನಂಬಿಕೆ ಕಡಿಮೆ ಇತ್ತು ಎನ್ನುತ್ತಾರೆ. ಪ್ರಾರ್ಥನೆ ಮಾಡಲು ಬಂದವರೇ ಹೀಗಂದರೆ ಆ ತಾಯಿ ಎಲ್ಲಿಗೆ ಹೋಗಬೇಕು?

ಇದರ ಬಗ್ಗೆ ಬೈಬಲ್ ಸ್ವಲ್ಪವೂ ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ಯೋಬನ ಸ್ನೇಹಿತರು ಅವನ ಕಷ್ಟ ನೋಡಿ ಏಳು ದಿನ ಮಾತಿಲ್ಲದೆ ನೆಲದ ಮೇಲೆ ಜೊತೆಗೆ ಕೂತರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದ ಮೇಲೆ ನೀನು ಪಾಪ ಮಾಡಿದ್ದಕ್ಕೇ ಇದು ಎಂದು ಒಬ್ಬರಾದ ಮೇಲೆ ಒಬ್ಬರು ವಾದಿಸಿದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ಹುಟ್ಟು ಕುರುಡನನ್ನು ಕಂಡು ‘ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ’ ಎಂದು ಶಿಷ್ಯರು ಕೇಳಿದಾಗ ಇಬ್ಬರೂ ಅಲ್ಲ ಎಂದ ಯೇಸು. ಸಿಲೋವದ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ, ಅಲ್ಲ ಎಂದು ಹೇಳಿ, ಪಶ್ಚಾತ್ತಾಪದ ಮಾತನ್ನು ಯೇಸು ಕೇಳುಗರ ಕಡೆಗೇ ತಿರುಗಿಸಿದ.

ಊಟ, ಒಡವೆ, ಪ್ರಸಾದ

ಸುಮಾರು ಕ್ರಿ.ಶ. 57ರಲ್ಲಿ ಅಪೊಸ್ತಲ ಪೌಲ, ಅಂದರೆ ಯೇಸುವಿನ ಸುವಾರ್ತೆ ಸಾರುತ್ತಾ ತಿರುಗಿದವನು, ರೋಮಾಪುರದ ಸಭೆಗೆ ಪತ್ರ ಬರೆದಾಗ ಅಲ್ಲಿ ಒಂದು ಜಗಳ ನಡೆಯುತ್ತಿತ್ತು. ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು. ಕೆಲವರು ಬರೀ ಸೊಪ್ಪು ತರಕಾರಿ ತಿನ್ನುತ್ತಿದ್ದರು. ಕೆಲವರು ಕೆಲವು ದಿನಗಳನ್ನು ವಿಶೇಷವಾಗಿ ಆಚರಿಸುತ್ತಿದ್ದರು. 14ನೇ ಅಧ್ಯಾಯದಲ್ಲಿ ಪೌಲ ಎರಡೂ ಕಡೆಯವರ ನಾಡಿ ಹಿಡಿಯುತ್ತಾನೆ. ತಿನ್ನುವವನಿಗೆ ‘ತಿನ್ನದವನನ್ನು ಹೀನಾಯವಾಗಿ ನೋಡಬೇಡ’ ಎನ್ನುತ್ತಾನೆ. ತಿನ್ನದವನಿಗೆ ‘ತಿನ್ನುವವನಿಗೆ ತೀರ್ಪು ಮಾಡಬೇಡ’ ಎನ್ನುತ್ತಾನೆ. ರೋಗ ಒಂದೇ ಅಲ್ಲ, ಎರಡು. ಸಡಿಲವಾಗಿ ಇರುವವರಿಗೆ ಉಳಿದವರನ್ನು ಹಳೆಕಾಲದವರು ಎಂದು ನಗುವ ಚಟ. ಬಿಗಿಯಾಗಿ ಇರುವವರಿಗೆ ಉಳಿದವರು ನರಕಕ್ಕೆ ಹೋಗುತ್ತಾರೆ ಎಂದು ಬರೆದಿಡುವ ಚಟ. ‘ಬೇರೊಬ್ಬರ ಮನೆಯ ಆಳಿಗೆ ತೀರ್ಪು ಮಾಡಲು ನೀನು ಯಾರು? ಅವನು ನಿಂತರೂ ಬಿದ್ದರೂ ಅವನ ಯಜಮಾನನಿಗೆ ಸೇರಿದ್ದು’ ಎಂದು ಪೌಲ ಕೇಳುತ್ತಾನೆ. ಅಷ್ಟಕ್ಕೇ ಬಿಡದೆ, ಅವನು ನಿಲ್ಲುತ್ತಾನೆ, ನಿಲ್ಲಿಸಲು ಕರ್ತನು ಶಕ್ತನು ಎಂದು ಸೇರಿಸುತ್ತಾನೆ.

ಕರ್ನಾಟಕದ ಕ್ರೈಸ್ತರಿಗೆ ಈ ಅಧ್ಯಾಯ ತಮಗಾಗಿಯೇ ಬರೆದ ಹಾಗೆ ಕಾಣಬೇಕು. ಅನೇಕ ಪೆಂತೆಕೊಸ್ತ್ ಸಭೆಗಳಲ್ಲಿ ಒಡವೆ ಹಾಕುವುದಿಲ್ಲ. ಮಂಗಳೂರು ಕಡೆಯ ಕಥೋಲಿಕರ ಮದುವೆಯಲ್ಲಿ ಚಿನ್ನವಿಲ್ಲದೆ ಆಗುವುದಿಲ್ಲ. ಒಬ್ಬರ ಮನೆಯಲ್ಲಿ ಕ್ರಿಸ್ಮಸ್ಸಿಗೆ ವೈನ್ ಇರುತ್ತದೆ, ಇನ್ನೊಬ್ಬರಿಗೆ ಅದರ ವಾಸನೆಯೇ ಪಾಪ. ಒಬ್ಬಳು ಬಿಂದಿ ಇಡುತ್ತಾಳೆ, ಇನ್ನೊಬ್ಬಳಿಗೆ ಬೋಳು ಹಣೆಯೇ ಸಾಕ್ಷಿ. ಇನ್ನು ಪಕ್ಕದ ಮನೆಯವರು ಪ್ರೀತಿಯಿಂದ ತಂದುಕೊಟ್ಟ ಪ್ರಸಾದದ ವಿಷಯದಲ್ಲಿ ಎಷ್ಟು ಮನೆಗಳಲ್ಲಿ ಗಂಡಹೆಂಡತಿಯರೇ ಜಗಳವಾಡಿಲ್ಲ!

ಈ ಕೊನೆಯದಕ್ಕೆ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ತುಂಬ ಸೂಕ್ಷ್ಮವಾಗಿ ಮಾತಾಡಿದ್ದಾನೆ. ಪೂಜೆಯ ಪಂಕ್ತಿಯಲ್ಲೇ ಪಾಲು ತೆಗೆದುಕೊಳ್ಳುವುದು ಬೇಡ ಎನ್ನುತ್ತಾನೆ. ಸಂತೆಯಲ್ಲಿ ಮಾರಿದ್ದನ್ನು ವಿಚಾರಿಸದೆ ತಿನ್ನಿ ಎನ್ನುತ್ತಾನೆ. ಬೇರೆಯವರ ಮನೆಗೆ ಊಟಕ್ಕೆ ಹೋದರೆ ಬಡಿಸಿದ್ದನ್ನು ತಿನ್ನಿ, ಆದರೆ ಯಾರಾದರೂ ಇದು ನೈವೇದ್ಯ ಮಾಡಿದ್ದು ಎಂದು ತಿಳಿಸಿದರೆ ಅವರ ಮನಸ್ಸಾಕ್ಷಿಗೋಸ್ಕರ ಬಿಡಿ ಎನ್ನುತ್ತಾನೆ. ಅಪೊಸ್ತಲನೇ ಸನ್ನಿವೇಶ ನೋಡಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾನೆ. ಅಂಥದ್ದರಲ್ಲಿ, ಒಂದು ಲಾಡು ತಿಂದಳು ಎಂದು ಒಬ್ಬಳ ನಂಬಿಕೆಯನ್ನೇ ಅಳೆಯುವುದು ಅನ್ಯಾಯ. ಬೇಡ ಎಂದವಳನ್ನು ಮೂಢಳು ಎನ್ನುವುದೂ ಅಷ್ಟೇ ಅನ್ಯಾಯ.

ಈ ವಚನವನ್ನು ಗುರಾಣಿ ಮಾಡಿಕೊಂಡಾಗ

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯ. ಸಭೆಯ ಹಣ ಎಲ್ಲಿಗೆ ಹೋಯಿತು ಎಂದು ಕೇಳಿದರೆ ‘ತೀರ್ಪು ಮಾಡಬೇಡಿ’. ಗಂಡ ಹೊಡೆಯುತ್ತಾನೆ ಎಂದು ಹೆಂಗಸು ಬಂದು ಹೇಳಿದರೆ ‘ತೀರ್ಪು ಮಾಡಬೇಡಮ್ಮ, ಕ್ಷಮಿಸು’. ನಾಯಕನೊಬ್ಬ ಒಂದು ಮಗುವಿಗೆ ಕೆಡುಕು ಮಾಡಿದರೆ ‘ದೇವರ ಅಭಿಷಿಕ್ತನ ವಿರುದ್ಧ ಮಾತಾಡಬಾರದು, ತೀರ್ಪು ದೇವರದು’. ಹೀಗೆ ಬಳಸುವುದು ಯೇಸುವಿನ ಮಾತಿಗೆ ಮಾಡುವ ದ್ರೋಹ. ನಾನು ಇದನ್ನು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ.

ಕೊರಿಂಥದ ಸಭೆಯಲ್ಲಿ ಒಬ್ಬ ತನ್ನ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದ. ಸಭೆ ಅದನ್ನು ನೋಡಿಯೂ ಸುಮ್ಮನಿದ್ದದ್ದಷ್ಟೇ ಅಲ್ಲ, ಉಬ್ಬಿಕೊಂಡಿತ್ತು. ಪೌಲ ಅವರನ್ನು ತರಾಟೆಗೆ ತೆಗೆದುಕೊಂಡ. ಅವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದ ಕೊನೆಯಲ್ಲಿ ಒಂದು ಮಾತಿದೆ: ಹೊರಗಿನವರಿಗೆ ತೀರ್ಪು ಮಾಡುವುದು ನನ್ನ ಕೆಲಸವಲ್ಲ, ಅವರನ್ನು ದೇವರು ನೋಡಿಕೊಳ್ಳುತ್ತಾನೆ, ಒಳಗಿನವರ ವಿಷಯವನ್ನು ನೀವು ನೋಡಬೇಕಲ್ಲವೇ ಎಂದು. ನಾವು ಮಾಡುವುದು ಸಾಮಾನ್ಯವಾಗಿ ಇದರ ಉಲ್ಟಾ. ಬೇರೆ ಧರ್ಮದವರು, ಸಿನಿಮಾದವರು, ರಾಜಕಾರಣಿಗಳು ಎಂದರೆ ಬಾಯಿಗೆ ಬಂದ ಹಾಗೆ ತೀರ್ಪು. ನಮ್ಮ ಕಮಿಟಿಯವರು ಎಂದರೆ ಕರುಣೆ.

ನಾತಾನ ಪ್ರವಾದಿ ದಾವೀದ ರಾಜನ ಮುಂದೆ ನಿಂತದ್ದನ್ನೂ ನೆನೆಯಬೇಕು. ದಾವೀದ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ, ಊರೀಯನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡಿದ. ನಾತಾನ ಅವನಿಗೆ ಶ್ರೀಮಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆ ಹೇಳಿದ. ದಾವೀದ ಕೆಂಡವಾಗಿ, ಹಾಗೆ ಮಾಡಿದವನು ಸಾಯಬೇಕು ಎಂದ. ‘ಆ ಮನುಷ್ಯ ನೀನೇ’ ಎಂದ ನಾತಾನ. ಇಲ್ಲಿ ಕಲಿಯುವುದು ಎರಡಿದೆ. ಒಂದು, ತನ್ನೊಳಗೆ ದೊಡ್ಡ ತಪ್ಪು ಮುಚ್ಚಿಟ್ಟುಕೊಂಡವನ ತೀರ್ಪು ಬೇರೆಯವರ ಮೇಲೆ ಎಷ್ಟು ಬಿರುಸಾಗಿ ಬೀಳುತ್ತದೆ ಎಂಬುದು. ಇನ್ನೊಂದು, ತಪ್ಪನ್ನು ಮುಖಕ್ಕೆ ಹೇಳುವುದು ದೇವರೇ ಕಳಿಸಿದ ಕೆಲಸವಾಗಿತ್ತು ಎಂಬುದು. ನಾತಾನ ದಾವೀದನನ್ನು ಮುಗಿಸಿಬಿಡಲು ಬರಲಿಲ್ಲ. ದಾವೀದ ಪಶ್ಚಾತ್ತಾಪಪಟ್ಟ ಕೂಡಲೇ ಕ್ಷಮೆಯ ಮಾತನ್ನೂ ಅವನೇ ಹೇಳಿದ. ಆದರೆ ಊರೀಯನ ಸಾವನ್ನು ಮುಚ್ಚಿಹಾಕಲು ಬಿಡಲಿಲ್ಲ.

ಹಾಗಾಗಿ ಅಪರಾಧ ನಡೆದಾಗ ಪೊಲೀಸರಿಗೆ ತಿಳಿಸುವುದು, ಸಾಕ್ಷಿ ಹೇಳುವುದು, ಮಗುವನ್ನು ಕಾಪಾಡುವುದು ಯಾವುದೂ ಈ ವಚನಕ್ಕೆ ವಿರುದ್ಧವಲ್ಲ. ‘ಹೀಗೆ ನಡೆಯಿತು’ ಎಂದು ಹೇಳುವುದು ಸತ್ಯ. ಅದನ್ನು ಹೇಳಿದವಳ ಬಾಯಿ ಮುಚ್ಚಿಸಿದವರೇ ನಿಜಕ್ಕೂ ಅವಳ ಮೇಲೆ ತೀರ್ಪು ಕೊಟ್ಟವರು.

ನಡೆದುಕೊಳ್ಳುವುದು ಹೇಗೆ

16ನೇ ಶತಮಾನದಲ್ಲಿ ಕಥೋಲಿಕರೂ ಪ್ರೊಟೆಸ್ಟೆಂಟರೂ ಒಬ್ಬರನ್ನೊಬ್ಬರು ಹೀನಾಮಾನವಾಗಿ ಬೈದುಕೊಳ್ಳುತ್ತಿದ್ದ ಕಾಲದಲ್ಲೇ, ಎರಡೂ ಕಡೆಯ ದೊಡ್ಡವರು ಒಂದೇ ಮಾತು ಬರೆದರು ಎಂಬುದು ನನಗೆ ಯಾವಾಗಲೂ ಆಶ್ಚರ್ಯ ತರುತ್ತದೆ. ಪ್ರೊಟೆಸ್ಟೆಂಟರ ಮಾರ್ಟಿನ್ ಲೂಥರ್ 1529ರ ತನ್ನ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ‘ಸುಳ್ಳು ಸಾಕ್ಷಿ ಹೇಳಬೇಡ’ ಎಂಬ ಆಜ್ಞೆಗೆ ಅರ್ಥ ಹೇಳುತ್ತಾ, ನೆರೆಯವನ ಪರವಾಗಿ ಮಾತಾಡಬೇಕು, ಅವನ ಬಗ್ಗೆ ಒಳ್ಳೆಯದನ್ನು ಹೇಳಬೇಕು, ಅವನು ಮಾಡಿದ್ದನ್ನೆಲ್ಲ ಒಳ್ಳೆಯ ರೀತಿಯಲ್ಲಿ ಅರ್ಥ ಮಾಡಬೇಕು ಎಂದ. ಕಥೋಲಿಕರ ಇಗ್ನೇಷಿಯಸ್ ಲೊಯೋಲಾ 1548ರಲ್ಲಿ ಅಚ್ಚಾದ ತನ್ನ ಆತ್ಮಿಕ ಸಾಧನೆಗಳ ಕೈಪಿಡಿಯ ಆರಂಭದಲ್ಲೇ ಇದನ್ನು ಹಂತಹಂತವಾಗಿ ಇಟ್ಟ. ಇನ್ನೊಬ್ಬರ ಮಾತಿಗೆ ಮೊದಲು ಒಳ್ಳೆಯ ಅರ್ಥ ಹಚ್ಚಿ ನೋಡು. ಆಗದಿದ್ದರೆ ನೀವು ಹೇಳಿದ್ದರ ಅರ್ಥವೇನು ಎಂದು ಅವರನ್ನೇ ಕೇಳು. ಅವರು ಅರ್ಥ ಮಾಡಿಕೊಂಡದ್ದು ತಪ್ಪಾಗಿದ್ದರೆ ಪ್ರೀತಿಯಿಂದ ತಿದ್ದು.

ನಡುವಿನ ಹೆಜ್ಜೆಯನ್ನೇ ನಾವು ಹಾರಿಬಿಡುತ್ತೇವೆ, ಅವರನ್ನೇ ಕೇಳುವುದು. ಮತ್ತಾಯ 18:15ರಲ್ಲಿ ಯೇಸು ಹೇಳಿದ್ದೂ ಅದೇ. ನಿನ್ನ ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ಅವನಿಗೆ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಮ್ಮಲ್ಲಿ ಸಭೆಗೆ ಮೊದಲು ಗೊತ್ತಾಗುತ್ತದೆ, ಆ ಸಹೋದರನಿಗೆ ಕೊನೆಗೆ. ಅದಕ್ಕೆ ಒಳ್ಳೆಯ ಹೊದಿಕೆಯೂ ಇದೆ: ‘ಇವರಿಗೋಸ್ಕರ ಪ್ರಾರ್ಥನೆ ಮಾಡಿ, ಮಗಳು ಯಾರ ಜೊತೆಯೋ ಹೋಗಿದ್ದಾಳಂತೆ’ ಎಂದು ವಾಟ್ಸಾಪ್ ಗುಂಪಿಗೆ ಹಾಕುವುದು. ನಿಜವಾಗಿ ಪ್ರಾರ್ಥನೆ ಬೇಕಾಗಿದ್ದರೆ ಹೆಸರು, ವಿವರ ಏನೂ ಬೇಕಿರಲಿಲ್ಲ. ದೇವರಿಗೆ ವಿಳಾಸ ಗೊತ್ತಿದೆ.

ತಿದ್ದಲು ಹೋಗುವವನ ಮನಸ್ಸು ಹೇಗಿರಬೇಕು ಎಂದು ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಹೇಳುತ್ತದೆ. ಬಿದ್ದವನನ್ನು ಮೃದುವಾಗಿ ಎತ್ತಿ ನಿಲ್ಲಿಸಿ, ನೀನೂ ಶೋಧನೆಗೆ, ಅಂದರೆ ಪಾಪದ ಸೆಳೆತಕ್ಕೆ, ಬೀಳದ ಹಾಗೆ ಎಚ್ಚರವಾಗಿರು. ಈಜಿಪ್ಟಿನ ಸ್ಕೇಟಿಸ್ ಮರುಭೂಮಿಯಲ್ಲಿ 4ನೇ ಶತಮಾನದ ಸನ್ಯಾಸಿಗಳು ಒಬ್ಬ ಸಹೋದರನ ತಪ್ಪು ವಿಚಾರಿಸಲು ಸಭೆ ಸೇರಿದ್ದರು. ಮೊದಲು ದರೋಡೆಕೋರನಾಗಿದ್ದು ಆಮೇಲೆ ಸನ್ಯಾಸಿಯಾದ ಮೋಸೆಸ್ ಎಂಬ ಹಿರಿಯನಿಗೂ ಹೇಳಿಕಳಿಸಿದರು. ಅವನು ಬರಲು ಒಪ್ಪಲಿಲ್ಲ. ಮತ್ತೆ ಕರೆದಾಗ ತೂತಾದ ಬುಟ್ಟಿಯಲ್ಲಿ ಮರಳು ತುಂಬಿ ಬೆನ್ನಿಗೆ ಹೊತ್ತು ಬಂದ. ಇದೇನು ಎಂದು ಕೇಳಿದರೆ, ನನ್ನ ಪಾಪಗಳು ನನ್ನ ಹಿಂದೆ ಸುರಿಯುತ್ತಿವೆ, ನನಗೆ ಕಾಣುತ್ತಿಲ್ಲ, ನಾನು ಇನ್ನೊಬ್ಬನ ತಪ್ಪಿಗೆ ತೀರ್ಪು ಮಾಡಲು ಬಂದಿದ್ದೇನೆ ಎಂದ. ಅವರು ಆ ಸಹೋದರನನ್ನು ಕ್ಷಮಿಸಿದರು.

ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆಯನ್ನು ಇಲ್ಲಿ ಎಲ್ಲರೂ ಎತ್ತುತ್ತಾರೆ. ಯೋಹಾನನ ಸುವಾರ್ತೆಯ ಅತಿ ಹಳೆಯ ಕೈಬರಹಗಳಲ್ಲಿ ಆ ಭಾಗ ಇಲ್ಲ, ಆದರೂ ಸಭೆ ಅದನ್ನು ಶತಮಾನಗಳಿಂದ ಎದೆಗವಚಿಕೊಂಡಿದೆ. ಅದರಲ್ಲಿ ಯೇಸುವಿನ ಎರಡು ವಾಕ್ಯ ಜೊತೆಜೊತೆಗೇ ಬರುತ್ತವೆ: ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ, ಹೋಗು, ಇನ್ನು ಪಾಪ ಮಾಡಬೇಡ. ಮೊದಲನೆಯದು ಮನುಷ್ಯಳನ್ನು ಉಳಿಸಿತು, ಎರಡನೆಯದು ಪಾಪವನ್ನು ಪಾಪ ಎಂದಿತು. ಅಂದ ಹಾಗೆ, ಅವಳ ಜೊತೆ ಸಿಕ್ಕಿಬೀಳಬೇಕಿದ್ದ ಗಂಡಸನ್ನು ಯಾರೂ ಎಳೆದು ತಂದಿರಲಿಲ್ಲ.

ಇನ್ನೊಂದು ವಿಷಯ ಉಳಿದಿದೆ. ಬೇರೆಯವರ ಮೇಲೆ ಬಿರುಸಾಗಿ ಇರುವವರಲ್ಲಿ ಎಷ್ಟೋ ಜನ ತಮ್ಮ ಮೇಲೂ ಅಷ್ಟೇ ಬಿರುಸಾಗಿರುತ್ತಾರೆ. ರಾತ್ರಿ ಮಲಗಿದರೆ ಹಳೆಯ ತಪ್ಪುಗಳ ಲೆಕ್ಕ, ನಾನು ಯಾವುದಕ್ಕೂ ಲಾಯಕ್ಕಲ್ಲ ಎಂಬ ಮಾತು. ತೊಲೆ ತೆಗೆಯುವುದು ಎಂದರೆ ಇದೇ ಎಂದು ಅವರು ಅಂದುಕೊಂಡಿರುತ್ತಾರೆ. ಕೊರಿಂಥದವರ ಸಭೆಯಲ್ಲಿ ಪೌಲನ ಬಗ್ಗೆಯೇ ಜನ ತಲೆಗೊಂದು ಮಾತಾಡುತ್ತಿದ್ದರು. ಆಗ ಅವನು ಬರೆದ: ನೀವು ನನಗೆ ತೀರ್ಪು ಮಾಡಿದರೆ ಅದು ನನಗೆ ಅಲ್ಪ ವಿಷಯ, ನನ್ನ ಬಗ್ಗೆ ನಾನೇ ತೀರ್ಪು ಮಾಡಿಕೊಳ್ಳುವುದಿಲ್ಲ. ನನ್ನಲ್ಲಿ ದೋಷ ನನಗೆ ಕಾಣುವುದಿಲ್ಲ, ಹಾಗಂತ ನಾನು ನಿರ್ದೋಷಿ ಅಂತಲೂ ಅಲ್ಲ. ನನ್ನನ್ನು ವಿಚಾರಿಸುವವನು ಕರ್ತನೇ. ಆದ್ದರಿಂದ ಕಾಲ ಬರುವ ಮೊದಲೇ ಯಾವ ತೀರ್ಪೂ ಮಾಡಬೇಡಿ, ಕರ್ತನು ಬಂದಾಗ ಕತ್ತಲಲ್ಲಿ ಅಡಗಿರುವುದನ್ನೂ ಹೃದಯಗಳ ಯೋಚನೆಗಳನ್ನೂ ಬೆಳಕಿಗೆ ತರುತ್ತಾನೆ.

ಇಲ್ಲಿಯವರೆಗೆ ಓದಿದವರು ಮುಂದೆ ಶಿಕ್ಷೆಯ ಮಾತು ಬರುತ್ತದೆ ಎಂದು ಕಾಯುತ್ತಾರೆ. ಎಲ್ಲ ಗುಟ್ಟೂ ಹೊರಬಿದ್ದ ಮೇಲೆ ಇನ್ನೇನು ಬರಬೇಕು? ಪೌಲ ಬರೆದಿರುವುದು ಬೇರೆ. ಆಗ ಪ್ರತಿಯೊಬ್ಬನಿಗೂ ಬರಬೇಕಾದ ಹೊಗಳಿಕೆ ದೇವರಿಂದ ಬರುತ್ತದೆ ಎಂದು ಆ ವಾಕ್ಯ ಮುಗಿಯುತ್ತದೆ.